ತೈಲದ ಒತ್ತಡವೂ ಅದರ ಸಾಕ್ಷಿಯೂ: ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಹಳೆಯ ಮೋಟಾರು ಗಾಡಿಗಳನ್ನು ಕುರಿತು

ಶಿಲಾಶಾಸನಗಳೂ ಓಲೆಯ ಪ್ರತಿಗಳೂ ಚರಿತ್ರೆಗೆ ಆಧಾರವಾಗುವಂತೆ ಜನರು ಬಳಸಿದ ಯಂತ್ರಗಳೂ ಆಧಾರವಾಗಬಲ್ಲುವು. ಕೊಳ್ಳೇಗಾಲವು ೧೯೫೬ರ ನವೆಂಬರ್ ೧ರ ವರೆಗೆ ಮದರಾಸು ಆಡಳಿತದ ಕೊಯಮುತ್ತೂರು ಜಿಲ್ಲೆಗೆ ಸೇರಿದ್ದಿತು. ಯಳಂದೂರಾದರೋ ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದತ್ತವಾದ ಮೈಸೂರು ಸೀಮೆ. ಆಳಿಕೆಯು ಹೀಗೆ ಭಿನ್ನವಾಗಿದ್ದರೂ ಒಂದು ವಿಷಯದಲ್ಲಿ ಇವೆರಡೂ, ಈಚೆಗೆ ತಾಲ್ಲೂಕಾದ ಹನೂರೂ ಸಮಾನವೇ: ಇಲ್ಲಿಗೆ ರೈಲುಮಾರ್ಗವು ಬರಲಿಲ್ಲ. ಹನೂರು, ಕೌದಳ್ಳಿಗಳ ಮೇಲೆ ಮಲೆಯ ಮಹದೇಶ್ವರನ ಬೆಟ್ಟಕ್ಕೂ, ಗುಂಬಳ್ಳಿಯ ಮೇಲೆ ಬಿಳಿಗಿರಿರಂಗನ ಬೆಟ್ಟಕ್ಕೂ ಏರುವ ದಾರಿಗಳು ಮೋಟಾರು ಗಾಡಿಗಳಿಗೆ ಕಠಿನವಾದ ಪರೀಕ್ಷೆಗಳೇ ಸರಿ. ಆ ಪರೀಕ್ಷೆಯ ಫಲವನ್ನು ಚಾಲಕನಿಗೆ ತಿಳಿಸುತ್ತಿದ್ದುದು ಆಯಿಲ್ ಗೇಜಿನ ಸಣ್ಣದೊಂದು ಮುಳ್ಳು. ಅದರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬುದೇ ಪ್ರಕೃತ ವಿಚಾರ.

ಎಂಜಿನಿನಲ್ಲಿ ತಿರುಗುವ ದಂಡಕ್ಕೂ ಬೇರಿಂಗಿಗೂ ನಡುವೆ ಎಣ್ಣೆಯು ತೆಳುವಾದ ಪೊರೆಯಾಗಿ ನಿಂತು ಲೋಹವು ಲೋಹವನ್ನು ಉಜ್ಜದಂತೆ ಕಾಯುವುದು. ೧೯೦೮ರಿಂದ ೧೯೨೭ರ ವರೆಗೆ ತಯಾರಾದ ಫೋರ್ಡ್ ಟಿ ಮಾದರಿಯ ಗಾಡಿಗೆ ಒತ್ತಡದ ಗೇಜೇ ಇರಲಿಲ್ಲ. ಎಂಜಿನಿನ ಹಿಂಬದಿಯ ಎರಡು ಸಣ್ಣ ಕೊಳಾಯಿಗಳನ್ನು ತಿರುಗಿಸಿ ಎಣ್ಣೆಯ ಮಟ್ಟವನ್ನು ನೋಡಿಕೊಳ್ಳಬೇಕಾಗಿದ್ದಿತು. ಆದರೆ ಒತ್ತಡವನ್ನಳೆಯುವ ಉಪಾಯವು ಮೋಟಾರಿಗಿಂತ ಹಳೆಯದು. ಚಪ್ಪಟೆಯಾದ ಬಾಗಿದ ಕೊಳವೆಯೊಳಗೆ ಒತ್ತಡವು ಹೆಚ್ಚಿದಂತೆ ಅದು ನೆಟ್ಟಗಾಗಲು ಎಳಸುವುದೆಂಬ ತತ್ತ್ವದ ಮೇಲೆ ಪ್ಯಾರಿಸಿನ ಯೂಜೀನ್ ಬೂರ್ದೋನನು ೧೮೪೯ರಲ್ಲಿ ಪೇಟೆಂಟು ಪಡೆದನು. ಉಗಿಯಂತ್ರಗಳಲ್ಲಿ ಬಳಕೆಗೆ ಬಂದ ಆ ಕೊಳವೆಯೇ ದ್ವಿತೀಯ ಮಹಾಯುದ್ಧದ ವಿಲ್ಲಿಸ್ ಜೀಪಿನ ಗೇಜಿನಲ್ಲಿಯೂ ಇದ್ದಿತು. ಎಂಜಿನಿನಿಂದ ಸಣ್ಣ ನಳಿಗೆಯ ಮೂಲಕ ಎಣ್ಣೆಯೇ ಚಾಲಕನ ಮುಂದಿನ ಫಲಕದ ವರೆಗೆ ಬಂದು ತನ್ನ ಸಂಗತಿಯನ್ನು ತಾನೇ ಹೇಳುತ್ತಿದ್ದಿತು.

ಬಳಿಕ ವಿದ್ಯುತ್ತಿನ ಕ್ರಮವು ಬಂದಿತು. ಇದರಲ್ಲಿ ಎಣ್ಣೆಯು ಎಂಜಿನಿನ ಬದಿಯಲ್ಲಿ ತಿರುಪಿದ ಸೆಂಡರಿನಲ್ಲಿಯೇ ನಿಲ್ಲುವುದು. ಅದರೊಳಗಿನ ಪೊರೆಯು ಒತ್ತಡಕ್ಕೆ ಅಲುಗಿ ವಿದ್ಯುತ್ತಿನ ತಡೆಯನ್ನು ಬದಲಿಸುವುದು. ತಂತಿಯು ಆ ವಾರ್ತೆಯನ್ನು ಗೇಜಿಗೆ ಒಯ್ಯುವುದು. ಕೆಲವು ಗಾಡಿಗಳಲ್ಲಿ ಮುಳ್ಳಿಗೆ ಬದಲಾಗಿ ಕೆಂಪು ದೀಪವೊಂದೇ ಇರುವುದು. ಹೀಗೆ ಮೊದಲು ಪ್ರತ್ಯಕ್ಷಸಾಕ್ಷಿಯಾಗಿದ್ದುದು ದೂತನ ಮಾತಾಯಿತು. ದೂತರು ಹೆಚ್ಚಿದಷ್ಟೂ ತಪ್ಪಿಗೆ ಅವಕಾಶವೂ ಹೆಚ್ಚುವುದು.

ಮುಳ್ಳು ಬಿದ್ದೊಡನೆ ಎಂಜಿನನ್ನು ನಿಲ್ಲಿಸತಕ್ಕದ್ದು, ಇದರಲ್ಲಿ ವಿವಾದವಿಲ್ಲ. ಅನಂತರ ಕಡ್ಡಿಯಿಂದ ಎಣ್ಣೆಯ ಮಟ್ಟವನ್ನು ನೋಡಬೇಕು. ಎಣ್ಣೆಯು ಕಡಮೆಯಾಗಿದ್ದರೆ ಕಡಿದಾದ ಏರಿನಲ್ಲಿ ಅದು ತೊಟ್ಟಿಯ ಹಿಂದಕ್ಕೆ ಸರಿದು, ಪಂಪು ಗಾಳಿಯನ್ನು ಹೀರಬಹುದು. ಏರಿನಲ್ಲಿ ಬಿದ್ದ ಮುಳ್ಳು ಸಮನೆಲದಲ್ಲಿ ಏಳುವುದಕ್ಕೆ ಇದೊಂದು ಕಾರಣ. ಮಟ್ಟವು ಸರಿಯಾಗಿದ್ದರೆ, ಎಂಜಿನು ನಿಂತಿರುವಾಗಲೇ, ಬೀಗದ ಕೈ ತಿರುಗಿಸಿ ಸೆಂಡರಿನ ತಂತಿಯನ್ನು ಕಳಚಬೇಕು: ಮುಳ್ಳು ಒಂದು ಕೊನೆಗೆ ಹೋಗಬೇಕು. ತಂತಿಯನ್ನು ಕ್ಷಣಕಾಲ ಎಂಜಿನಿನ ಲೋಹಕ್ಕೆ ಮುಟ್ಟಿಸಿದರೆ ಇನ್ನೊಂದು ಕೊನೆಗೆ ಹೋಗಬೇಕು. ಹೀಗಾದರೆ ಗೇಜೂ ತಂತಿಯೂ ನಿರ್ದೋಷಿಗಳು. ಉಳಿದ ಸಂದೇಹವು ಸೆಂಡರಿನ ಮೇಲೆ, ಇಲ್ಲವೆ ಎಂಜಿನಿನ ಮೇಲೆ. ಇದನ್ನು ನಿರ್ಣಯಿಸಲು ಸೆಂಡರನ್ನು ಬಿಚ್ಚಿ, ಆ ತೂತಿಗೆ ಬೂರ್ದೋನ್ ಕೊಳವೆಯ ಗೇಜನ್ನು ತಿರುಪಿ, ಎಂಜಿನನ್ನು ಸ್ವಲ್ಪ ಹೊತ್ತು ನಡೆಯಿಸಿ ನೋಡಬೇಕು. ಅದೂ ಕಡಮೆ ಒತ್ತಡವನ್ನೇ ತೋರಿಸಿದರೆ ಸವೆದ ಬೇರಿಂಗು, ಕಟ್ಟಿದ ಜಾಲರಿ, ಸೋತ ರಿಲೀಫ್ ಸ್ಪ್ರಿಂಗು ಮುಂತಾದುವನ್ನು ಹುಡುಕತಕ್ಕದ್ದು.

ಹಳೆಯ ನಳಿಗೆಯ ಗೇಜೂ ದೋಷರಹಿತವಲ್ಲ. ಎಂಜಿನಿನ ನಡುಕಕ್ಕೆ ತಾಮ್ರದ ನಳಿಗೆಯು ಸಂದಿನಲ್ಲಿ ಬಿರಿದರೆ ಎಣ್ಣೆಯು ಅಲ್ಲಿಂದಲೇ ಸೋರಿಹೋಗುವುದು. ಆಗ ಸಾಕ್ಷಿಯೇ ಅಪರಾಧಿಯಾಗುವನು.

ಬದಲಿಸುವಾಗ ಸೆಂಡರನ್ನೂ ಗೇಜನ್ನೂ ಒಂದು ಜೋಡಿಯೆಂದು ಭಾವಿಸಬೇಕು. ಅಮೆರಿಕದ ಬಹಳ ಗೇಜುಗಳು ೨೪೦ರಿಂದ ೩೩ ಓಮುಗಳ ತಡೆಗೆ ಹೊಂದಿರುವುವು. ಯೂರೋಪಿನ ಅನೇಕವು ೧೦ರಿಂದ ೧೮೦ ಓಮುಗಳಿಗೆ. ಒಂದರ ಕ್ರಮದಲ್ಲಿ ಒತ್ತಡವೇರಿದಂತೆ ತಡೆಯು ಇಳಿಯುವುದು, ಇನ್ನೊಂದರಲ್ಲಿ ಏರುವುದು. ಇವನ್ನು ಬೆರೆಸಿದರೆ ಮುಳ್ಳು ವಿಪರೀತಾರ್ಥವನ್ನೇ ಹೇಳೀತು. ಒಂದೇ ತಂತಿಯ ಸೆಂಡರಿಗೆ ತನ್ನ ತಿರುಪಿನ ಸುತ್ತುಗಳೇ ಅರ್ತ್ ಆದುದರಿಂದ ಅವುಗಳ ಮೇಲೆ ಟೇಪನ್ನು ದಪ್ಪವಾಗಿ ಸುತ್ತುವುದೂ ತಪ್ಪು; ಹೊಸ ಸೆಂಡರೂ ಆಗ ಸುಳ್ಳು ಹೇಳಬಹುದು.

ಹದಿಬದೆಯ ಧರ್ಮವನ್ನು ರಚಿಸಿದ ಸಂಚಿಯ ಹೊನ್ನಮ್ಮನೂ, ರಾಜಶೇಖರವಿಳಾಸದ ಷಡಕ್ಷರದೇವನೂ ಯಳಂದೂರಿನ ಸಂಬಂಧವುಳ್ಳವರೆಂಬುದನ್ನು ವಾಚಕರು ಬಲ್ಲರು. ಓಲೆಯ ಪ್ರತಿಯಲ್ಲಿ ಛಂದಸ್ಸು ಕೆಟ್ಟ ಪದ್ಯವು ಕಂಡುಬಂದರೆ ನಾವು ಕವಿಯನ್ನು ದೂಷಿಸುವ ಮುನ್ನ ಲಿಪಿಕಾರನನ್ನು ಸಂದೇಹಿಸಿ ಪ್ರತ್ಯಂತರವನ್ನು ನೋಡುವೆವು; ಎಲ್ಲ ಪ್ರತಿಗಳೂ ಒಂದೇ ಪಾಠವನ್ನು ಕೊಟ್ಟರೆ ಅದನ್ನು ಒಪ್ಪುವೆವು. ಹಳೆಯ ಗಾಡಿಗೂ ಈ ನ್ಯಾಯವೇ ಸಲ್ಲುವುದು. ಪರೀಕ್ಷಿಸದೆ ಎಂಜಿನನ್ನು ಬಿಚ್ಚುವುದು ವ್ಯರ್ಥವ್ಯಯ. ಪರೀಕ್ಷಿಸದೆ ಗೇಜನ್ನು ಹಳಿದು ಗಾಡಿಯನ್ನು ಘಟ್ಟಕ್ಕೆ ಹತ್ತಿಸುವುದು ವಿನಾಶ. ಕಳಚಿದ ಗೇಜನ್ನು ಗುಜರಿಗೆ ಹಾಕದೆ, ಯಾವ ಗಾಡಿಯದು, ಯಾವಾಗ, ಏಕೆ ಕಳಚಲಾಯಿತೆಂದು ಬರೆದಿಟ್ಟರೆ, ರೈಲಿಲ್ಲದ ಈ ಸೀಮೆಯ ಸಂಚಾರದ ಚರಿತ್ರೆಗೆ ಅದೂ ಒಂದು ಆಧಾರವಾಗಿ ಉಳಿಯುವುದು.