ಗಿರಾಕಿ ಸಿಗದ ಹಾಯಿದೋಣಿ

ನಮ್ಮ ಮುಂಬಯಿಯಲ್ಲೇ ಹುಟ್ಟಿದ ದೋಣಿ ‘ಸುಹೈಲಿ’. ಬ್ರಿಟಿಷ್ ಇಂಡಿಯಾ ಹಡಗು ಕಂಪನಿಯ ಅಧಿಕಾರಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಇದನ್ನು ಇಲ್ಲಿ ಕಟ್ಟಿಸಿದರು. ಉದ್ದ 32 ಅಡಿ, ಮರ ತೇಗ, ಬಾಚಿ, ಹಗ್ಗದ ಬೈರಿಗೆ ಹಿಡಿದ ನಮ್ಮ ಬಡಗಿಗಳ ಕೈಕೆಲಸ. 1964ರ ಡಿಸೆಂಬರಿನಲ್ಲಿ ತೆಂಗಿನಕಾಯಿ ಒಡೆದು ನೀರಿಗಿಳಿಸಿದರು. ಅರಬ್ ನಾವಿಕರು ಆಗ್ನೇಯದ ಗಾಳಿಯನ್ನು ಕರೆಯುವ ಹೆಸರೇ ಸುಹೈಲಿ.

ಇದರಲ್ಲೇ ಇಂಗ್ಲೆಂಡ್ ಸೇರಿದ ಅವರಿಗೆ, ಎಲ್ಲಿಯೂ ತಂಗದೆ ಒಂಟಿಯಾಗಿ ಭೂಮಿಯನ್ನು ಸುತ್ತಿಬರುವ ಹಂಬಲ ಹತ್ತಿತು. ಅದಕ್ಕೆ ಹೊಸ ದೋಣಿಯೇ ಬೇಕೆಂದು ಸುಹೈಲಿಯನ್ನು ಮಾರಾಟಕ್ಕಿಟ್ಟರು. ಗಿರಾಕಿ ಸಿಗಲಿಲ್ಲ, ಹೊಸದಕ್ಕೆ ಹಣ ಕೊಡುವವರೂ ಸಿಗಲಿಲ್ಲ. ವಿಧಿಯಿಲ್ಲದೆ 1968ರ ಜೂನ್ 14ರಂದು ಹಳೆಯದರಲ್ಲೇ ಹೊರಟರು.

ದಾರಿಯಲ್ಲಿ ರೇಡಿಯೋ ಕೆಟ್ಟಿತು. ತಾನಾಗಿ ಚುಕ್ಕಾಣಿ ತಿರುಗಿಸುವ ಸಲಕರಣೆ ಮುರಿಯಿತು. ತೊಟ್ಟಿಯ ಕುಡಿಯುವ ನೀರು ಹೊಲಸಾಯಿತು. ಹಲಗೆಸಂದಿನಲ್ಲಿ ನೀರು ಒಸರಿದಾಗ ಸಮುದ್ರದಲ್ಲಿ ಮುಳುಗಿ ತಾವೇ ತೇಪೆ ಹಾಕಿದರು. ಸ್ಪರ್ಧೆಗೆ ಹೊರಟವರು ಒಂಬತ್ತು ಮಂದಿ. 312 ದಿನಗಳ ಮೇಲೆ, 1969ರ ಏಪ್ರಿಲ್ 22ರಂದು, ಫಾಲ್ಮತ್ ಬಂದರಿಗೆ ಮರಳಿ ಗುರಿ ಮುಟ್ಟಿದವರು ಇವರೊಬ್ಬರೇ. ಅಂಥ ಯಾನ ಜಗತ್ತಿನಲ್ಲೇ ಮೊದಲನೆಯದು. ಆ ಕೀರ್ತಿಯಲ್ಲಿ ಅರ್ಧಪಾಲು ಮುಂಬಯಿಯ ಬಡಗಿಗಳದೆನ್ನಬೇಕು.

ಮುಂದೆ ಗ್ರೀನಿಚ್‌ನ ಸಂಗ್ರಹಾಲಯದಲ್ಲಿಟ್ಟಾಗ ಒಣಹವೆಗೆ ಹಲಗೆಗಳು ಕುಗ್ಗತೊಡಗಿದವು. 2002ರಲ್ಲಿ ನಾಕ್ಸ್-ಜಾನ್‌ಸ್ಟನ್ ಅದನ್ನು ಹೊರತಂದು ಮತ್ತೆ ನೀರಿಗೆ ಬಿಟ್ಟರು.