ಕೂಸಿನ ಮಾತು, ಹರೆಯದ ಒಪ್ಪಿಗೆ

ದೃಢೀಕರಣ ಎಂಬ ಮಾತನ್ನು ಇಂದು ನಾವು ಹೆಚ್ಚಾಗಿ ಕೇಳುವುದು ಕಚೇರಿಗಳಲ್ಲಿ, ಪ್ರಮಾಣಪತ್ರದ ನಕಲಿಗೆ ಸಹಿ ಮುದ್ರೆ ಬೀಳುವಾಗ. ಉತ್ತರ ಕರ್ನಾಟಕದ ಪ್ರೊಟೆಸ್ಟಂಟ್ ಕ್ರೈಸ್ತ ಮನೆಗಳಲ್ಲಿ ಇದೇ ಮಾತಿಗೆ ಬೇರೊಂದು ಅರ್ಥವಿದೆ. ಕೂಸಾಗಿದ್ದಾಗ ದೀಕ್ಷಾಸ್ನಾನ ಪಡೆದವರು ಹರೆಯಕ್ಕೆ ಬಂದ ಮೇಲೆ, ಅಂದು ಹಿರಿಯರು ತಮ್ಮ ಪರವಾಗಿ ಕೊಟ್ಟ ಮಾತನ್ನು ಸಭೆಯ ಮುಂದೆ ನಿಂತು ತಮ್ಮ ಬಾಯಿಂದಲೇ ಒಪ್ಪಿಕೊಳ್ಳುವ ವಿಧಿ ಅದು. ಪ್ರಭುಭೋಜನದ ಪಂಕ್ತಿಯಲ್ಲಿ ಅವರಿಗೆ ಸ್ಥಾನ ದೊರೆಯುತ್ತಿದ್ದುದು ಅದಾದ ಬಳಿಕವೇ.

ಇದು ಹುಟ್ಟಿದ್ದು ಒಂದು ವಾದದ ನಡುವೆ. ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಕೆಲವರು, ಏನನ್ನೂ ಅರಿಯದ ಕೂಸಿಗೆ ಕೊಟ್ಟ ದೀಕ್ಷೆ ದೀಕ್ಷೆಯೇ ಅಲ್ಲವೆಂದರು. ಮಾರ್ಟಿನ್ ಬ್ಯೂಸರ್ ಎಂಬ ಸುಧಾರಕ ಆ ಆಕ್ಷೇಪಣೆಯಲ್ಲಿದ್ದ ಸತ್ಯವನ್ನು ಕಂಡ. ದೀಕ್ಷೆ ಕೂಸಿಗೇ ಇರಲಿ, ಒಪ್ಪಿಗೆ ಮಾತ್ರ ತಿಳಿವಳಿಕೆ ಬಂದ ಮೇಲೆ ಬರಲಿ ಎಂದು 1539ರಲ್ಲಿ ಹೆಸ್ಸೆ ಪ್ರಾಂತದ ಸಭೆಗಳಿಗೆ ಕ್ರಮವೊಂದನ್ನು ಗೊತ್ತುಪಡಿಸಿದ.

ಬಾಸೆಲ್ ಮಿಷನ್ನಿನವರು ಈ ಕ್ರಮವನ್ನು ನಮ್ಮ ನಾಡಿಗೆ ತಂದರು. ಅವರು ಮಂಗಳೂರಿಗೆ ಬಂದುದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಗುಳೇದಗುಡ್ಡಕ್ಕೆ 1851ರಲ್ಲಿ. ಅವರ ಊರುಗಳಲ್ಲಿ ಸುಮಾರು ಹದಿನಾಲ್ಕನೆಯ ವಯಸ್ಸಿಗೆ ದೃಢೀಕರಣವೂ ಶಾಲೆಯ ಮುಕ್ತಾಯವೂ ಜೊತೆಜೊತೆಗೇ ಆಗುತ್ತಿದ್ದವು. ಹುಡುಗ ಅಲ್ಲಿಂದ ನೇರವಾಗಿ ಕಸುಬು ಕಲಿಯಲು ಹೊರಡುತ್ತಿದ್ದ. ಖಣದ ಊರಾದ ಗುಳೇದಗುಡ್ಡದಲ್ಲಿ ಅಂಥ ಹೊಸ್ತಿಲು ಎಲ್ಲಿತ್ತು? ಮಗ್ಗದ ಮನೆಯ ಮಗು ಕಂಡಿಕೆ ಸುತ್ತುತ್ತ ಸುತ್ತುತ್ತಲೇ ಕುಣಿಮಗ್ಗಕ್ಕೆ ಇಳಿಯುತ್ತಿತ್ತು. ಅದು ಯಾವ ದಿನ ದೊಡ್ಡದಾಯಿತೆಂದು ಹೇಳುವವರಿರಲಿಲ್ಲ.

ಆದರೂ ನೆರೆಹೊರೆಗೆ ಈ ವಿಧಿ ತೀರ ಅಪರಿಚಿತವೆನಿಸಿರಲಾರದು. ಲಿಂಗವಂತರ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಲಿಂಗಧಾರಣೆ. ಮುಂದೆ ತಿಳಿವಳಿಕೆ ಬಂದಾಗ ಗುರುವಿನಿಂದ ದೀಕ್ಷೆ. ಬಾದಾಮಿಯ ಬಳಿ, ಮಲಪ್ರಭೆಯ ದಡದಲ್ಲಿ, 1909ರಲ್ಲಿ ಸ್ಥಾಪನೆಯಾದ ಶಿವಯೋಗಮಂದಿರವು ವಟುಗಳನ್ನು ವರ್ಷಗಟ್ಟಲೆ ಇರಿಸಿಕೊಂಡು ಸಿದ್ಧಪಡಿಸುತ್ತ ಬಂದಿದೆ. ಉಪನಯನದಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲದ ಕಾಲದಲ್ಲಿ, ದೃಢೀಕರಣದ ಸಾಲಿನಲ್ಲಿ ಹುಡುಗಿಯೂ ನಿಂತಳು. ನಿನಗೆ ಒಪ್ಪಿಗೆಯೇ ಎಂದು ಸಭೆ ಅವಳನ್ನೂ ಕೇಳಿತು. ಮದುವೆಗೂ ಹೆಣ್ಣಿನ ಒಪ್ಪಿಗೆ ಕೇಳದಿದ್ದ ದಿನಗಳವು.

ಆದರೆ ಆ ಒಪ್ಪಿಗೆ ಎಷ್ಟರಮಟ್ಟಿಗೆ ಅವರದೇ ಆಗಿತ್ತು? ಜಾತಿಯಿಂದ ಹೊರಬಿದ್ದ ಕುಟುಂಬಗಳಿಗೆ ಶಾಲೆಯನ್ನೂ ಕೆಲವೆಡೆ ಕೆಲಸವನ್ನೂ ಒದಗಿಸಿದ್ದು ಮಿಷನ್ನೇ. ಅನ್ನವೂ ಉಪದೇಶವೂ ಒಂದೇ ಬಾಗಿಲಿನಿಂದ ಬರುವಾಗ ಹದಿನಾಲ್ಕರ ಹುಡುಗ 'ಇಲ್ಲ' ಎನ್ನುವುದು ಸುಲಭವಲ್ಲ. ಅಂತರಂಗದ ಪರಿವರ್ತನೆಯನ್ನೇ ಹಂಬಲಿಸಿದ ಆ ಪಾದ್ರಿಗಳು ಅದನ್ನು ಅಳೆಯಲು ನೆಚ್ಚಿದ್ದು ಪ್ರಶ್ನೋತ್ತರದ ಕಂಠಪಾಠವನ್ನು. ಇಡೀ ಆಯುಸ್ಸನ್ನು ತರಗತಿಯಲ್ಲಿ ಕಳೆದ ನಾನು ಅವರನ್ನು ಆಕ್ಷೇಪಿಸಲಾರೆ. ತಪ್ಪಿಲ್ಲದೆ ಒಪ್ಪಿಸಿದವನಿಗೆ ಪೂರ್ಣ ಅಂಕ ಕೊಟ್ಟು, ಅವನಿಗೆ ಏನೂ ಅರ್ಥವಾಗಿಲ್ಲವೆಂದು ಆಮೇಲೆ ಕಂಡುಕೊಂಡವನು ನಾನೂ ಹೌದು.

ಕಂಠಪಾಠವನ್ನು ದಾಟಿ ಬೆಳೆದವರೂ ಈ ಸಭೆಯಲ್ಲಿದ್ದರು. ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದ ಕ್ರೈಸ್ತ ಮನೆಯಲ್ಲಿ ಹುಟ್ಟಿದವರು, ಬಾಸೆಲ್ ಮಿಷನ್ನಿನ ಸಭೆಯಲ್ಲಿ ಪಾದ್ರಿಯಾದವರು. ಅವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ತಾನು ಒಪ್ಪಿದ ನಂಬಿಕೆಯನ್ನು ಬಿಡದೆ, ನೆರೆಮನೆಯ ಅನುಭಾವವನ್ನು ತನ್ನದೆಂಬಂತೆ ಓದಲು ಎಂಥ ಪಕ್ವತೆ ಬೇಕು! ಯಾವ ಪ್ರಶ್ನೋತ್ತರದ ಪುಸ್ತಕವೂ ಅದನ್ನು ಕಲಿಸಿರಲಾರದು.

1968ರಲ್ಲಿ ಈ ಭಾಗದ ಸಭೆಗಳು ದಕ್ಷಿಣ ಭಾರತ ಸಭೆಯನ್ನು ಸೇರಿದವು. ಅಂದಿನಿಂದ ಹರೆಯದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವ ಕಾರ್ಯ ಸಾಮಾನ್ಯವಾಗಿ ಬಿಷಪ್ಪರದು. ಅವರು ಬಂದು ಹೋಗುವುದು ಒಂದು ದಿನ. ಮರುವಾರ ಹುಡುಗ ಹೊಸದೊಂದು ಸಂದೇಹ ಹೊತ್ತು ಬಂದರೆ ಅವನನ್ನು ಕೂರಿಸಿಕೊಂಡು ಮಾತನಾಡಬೇಕಾದವರು ಊರಿನ ಸಭಾಪಾಲಕರು; ಅವರೂ ಸಿಗದಿದ್ದರೆ ಮನೆಯ ಅಜ್ಜಿ.