ಎಂಟು ಒಂದುಗಳ ಹಾರ

ಬಾದನಹಟ್ಟಿಯಿಂದ ಅಣ್ಣನ ಮಗಳು ವಾಟ್ಸಾಪ್‌ನಲ್ಲಿ ಹೋಂವರ್ಕ್ ಕಳಿಸಿದ್ದಳು: 11 ಬಿಟ್ಟರೆ ಯಾವ ಎರಡಂಕಿ ಸಂಖ್ಯೆ 11111111ನ್ನು ಶೇಷವಿಲ್ಲದೆ ಭಾಗಿಸುತ್ತದೆ? ಪೈಥಾನ್‌ನಲ್ಲಿ ಮೂರು ಸಾಲು ಬರೆದು 10ರಿಂದ 99ರವರೆಗೆ ಲೂಪ್ ಓಡಿಸಿದೆ. 73!

“ಹೆಂಗ್ ಬಂತು ಕಾಕಾ?” ಅಂದಳು. ನನ್ನ ಹತ್ತಿರ ಉತ್ತರ ಇತ್ತು, ದಾರಿ ಇರಲಿಲ್ಲ.

ಹುಡುಕಿದರೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲೇ ಈ ಲೆಕ್ಕ ಇದೆ: 152207 × 73. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಇಂಥ ಗುಣಲಬ್ಧಗಳನ್ನು ಅವರು ಕಂಠಹಾರಕ್ಕೆ ಹೋಲಿಸಿದರು. ಲೂಪ್ ಇಲ್ಲದ ಕಾಲ ಅದು.

ನಾಚಿಕೆಯಾಗಿ ಪೆನ್ನು ಹಿಡಿದೆ. ಎಂಟು ಒಂದುಗಳನ್ನು ಅರ್ಧಕ್ಕೆ ಮುರಿದರೆ 1111 × 10001. ಆ 10001 ಅಂದರೆ 73 × 137. ಇಷ್ಟೇ!

ಫೋನ್ ಮಾಡಿ, “ಅರ್ಧಕ್ಕ ಮುರಿದು ನೋಡವ್ವ” ಅಂದೆ. ಮಿಕ್ಕದ್ದನ್ನು ಅವಳೇ ಮಾಡಿದಳು.